ಫಿಲ್ಟರ್ ನಳ ಮುಟ್ಟಿದರೆ ಜುಮ್ ಅನ್ನುತ್ತಿದೆಯಾ? ಅಡಾಪ್ಟರ್ ಬದಲಿಸುವ ಮುಂಚೆ ಅರ್ಥಿಂಗ್ ನೋಡಿ

ನಾನು ಸಿಂಧನೂರಿನಲ್ಲಿ ಮನೆ ವೈರಿಂಗ್ ಕೆಲಸ ಮಾಡುತ್ತೇನೆ. ಸುತ್ತಲಿನ ಕ್ಯಾಂಪುಗಳಿಗೂ, ಅಂದರೆ ಹೊರಗಿನಿಂದ ಬಂದು ನೆಲೆಸಿದವರ ಊರುಗಳಿಗೂ ಹೋಗುತ್ತೇನೆ. ವೈರಿಂಗ್ ಜೊತೆಗೆ ಕುಡಿಯುವ ನೀರಿನ ಆರ್‌ಓ ಫಿಲ್ಟರ್ ಕೂರಿಸುವುದು, ರಿಪೇರಿ ಮಾಡುವುದೂ ಇದೆ. ಬೇಸಿಗೆ ಶುರುವಾಯಿತೆಂದರೆ ಫೋನಿನಲ್ಲಿ ಒಂದೇ ಮಾತು ಮತ್ತೆ ಮತ್ತೆ ಕೇಳುತ್ತದೆ: “ಫಿಲ್ಟರ್ ನಳ ಮುಟ್ಟಿದ್ರ ಜುಮ್ ಅಂತೈತ್ರಿ. ಅಡಾಪ್ಟರ್ ಹೊಸಾದು ಹಾಕಿಸೀವಿ. ಆದ್ರೂ ಹಂಗ ಐತಿ.”

ಅಡಾಪ್ಟರ್ ಬದಲಿಸಿದರೂ ನಿಲ್ಲಲಿಲ್ಲ ಅಂದರೆ ಆಶ್ಚರ್ಯ ಪಡಬೇಡಿ. ಶಾಕ್ ಹೊಡೆಯುವ ಜಾಗದಲ್ಲೇ ತಪ್ಪು ಇರಬೇಕು ಅಂತೇನಿಲ್ಲ. ನೀರು, ಪೈಪು, ಸ್ಟೀಲ್ ಸಿಂಕು ಇವೆಲ್ಲ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಎಲ್ಲೋ ಲೀಕ್ ಆದ ಕರೆಂಟು ಇವುಗಳ ಮೂಲಕ ಬಂದು ಫಿಲ್ಟರ್ ಹತ್ತಿರ ನಿಮ್ಮ ಕೈಗೆ ಸಿಗುತ್ತದೆ. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಫಿಲ್ಟರ್ ಸರಿಯಾಗೇ ಇತ್ತು. ಅರ್ಥಿಂಗ್, ಅಂದರೆ ಲೀಕ್ ಆದ ಕರೆಂಟನ್ನು ನೆಲಕ್ಕೆ ಇಳಿಸುವ ವೈರು, ಇರಲಿಲ್ಲ, ಇಲ್ಲವೇ ಇದ್ದೂ ಸತ್ತಿತ್ತು.

ಮೊದಲು ಪಿನ್ ಕಿತ್ತಿಡಿ

ಸ್ವಿಚ್ ಆಫ್ ಮಾಡಿ ಸುಮ್ನೆ ಬಿಡಬೇಡಿ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಸ್ವಿಚ್ಚನ್ನು ಕರೆಂಟು ತರುವ ಫೇಸ್ ವೈರ್ ಮೇಲೆ ಹಾಕುವ ಬದಲು, ವಾಪಸ್ ಒಯ್ಯುವ ನ್ಯೂಟ್ರಲ್ ಮೇಲೆ ಹಾಕಿರುತ್ತಾರೆ. ಆಗ ಸ್ವಿಚ್ ಆಫ್ ಮಾಡಿದರೆ ಫಿಲ್ಟರ್ ನಿಲ್ಲುತ್ತದೆ, ಆದರೆ ಫೇಸ್ ಒಳಗೇ ನಿಂತಿರುತ್ತದೆ. ಪಿನ್ ಕಿತ್ತರೆ ಮಾತ್ರ ನಿಜವಾಗಿ ಬಂದ್ ಆದಂತೆ. ಕೈ ಒಣಗಿರಲಿ, ಕಾಲಲ್ಲಿ ಚಪ್ಪಲಿ ಇರಲಿ. ಸಾಕೆಟ್ ಮೇಲೆ ನೀರು ಬಿದ್ದಿದ್ದರೆ ಅದರ ಹತ್ತಿರವೇ ಹೋಗಬೇಡಿ. ಮೀಟರ್ ಬೋರ್ಡಿನಲ್ಲಿ ಮೇನ್ ಇಳಿಸಿ, ಆಮೇಲೆ ಪಿನ್ ಕೀಳಿ.

“ಸಣ್ಣಗೆ ಜುಮ್ ಅಂತದ, ಅಷ್ಟ” ಅಂತ ತಿಂಗಳುಗಟ್ಟಲೆ ದೂಡುವವರನ್ನು ಕಂಡಾಗ ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ. 1 ಮಿಲಿ ಆಂಪಿಯರ್ ಹರಿದರೆ ಜುಮ್ ಅನ್ನುತ್ತದೆ. 10ರ ಆಸುಪಾಸಿಗೆ ಬಂದರೆ ಹಿಡಿದ ಕೈ ಬಿಡಲು ಆಗುವುದಿಲ್ಲ. 30 ದಾಟಿದರೆ ಹೃದಯಕ್ಕೆ ಅಪಾಯ. ಇವತ್ತು ಚಪ್ಪಲಿ ಹಾಕಿದ್ದಿರಿ, ನೆಲ ಒಣಗಿತ್ತು, ಅದಕ್ಕೇ ಜುಮ್ ಅಂದು ಬಿಟ್ಟಿತು. ಅದೇ ನಳವನ್ನು ನಾಳೆ ಮಗು ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು ಮುಟ್ಟಿದರೆ ಲೆಕ್ಕ ಬೇರೆಯಾಗುತ್ತದೆ.

ಫಿಲ್ಟರ್ ಬಂದ್ ಮಾಡಿದರೆ ಕುಡಿಯಲು ಏನು ಮಾಡಬೇಕು ಅಂತ ಕೇಳುತ್ತೀರಿ. ಆ ಕಷ್ಟ ನನಗೂ ಗೊತ್ತು. ನಮ್ಮ ರಾಯಚೂರು, ಕೊಪ್ಪಳ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನಕ ಹೇಳುತ್ತದೆ. ಹಾಗಾಗಿ ಬೋರಿನ ನೀರನ್ನು ಹಾಗೇ ಕುಡಿಯಿರಿ ಅಂತ ನಾನು ಹೇಳುವುದಿಲ್ಲ. ರಿಪೇರಿ ಆಗುವವರೆಗೆ ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದಿಟ್ಟುಕೊಳ್ಳಿ.

ಡಬ್ಬಿ ಒಳಗೆ ಎಲ್ಲಿ ಎಷ್ಟು ವೋಲ್ಟ್

ಗೋಡೆಯ ಸಾಕೆಟ್‌ನಿಂದ ಬರುವುದು 230 ವೋಲ್ಟ್. ಅದು ಅಡಾಪ್ಟರ್‌ಗೆ, ಅಂದರೆ ಎಸ್‌ಎಂಪಿಎಸ್‌ಗೆ ಹೋಗಿ ಸಾಮಾನ್ಯವಾಗಿ 24 ವೋಲ್ಟ್ ಡಿಸಿ ಆಗುತ್ತದೆ. ಬೂಸ್ಟರ್ ಪಂಪು, ನೀರು ಬಿಟ್ಟು ತಡೆಯುವ ಸೊಲೆನಾಯ್ಡ್ ವಾಲ್ವು, ಟ್ಯಾಂಕ್ ತುಂಬಿದಾಗ ಬಂದ್ ಮಾಡುವ ಫ್ಲೋಟ್ ಇವೆಲ್ಲ ಈ 24ರ ಮೇಲೆ ನಡೆಯುತ್ತವೆ. ಇವು ಹಾಳಾದರೆ ಫಿಲ್ಟರ್ ನಿಲ್ಲುತ್ತದೆಯೇ ಹೊರತು ಹೊಡೆಯುವುದಿಲ್ಲ.

ನಿಗಾ ಇಡಬೇಕಾದದ್ದು ಎರಡರ ಮೇಲೆ. ಒಂದು, 230 ಬರುವ ಅಡಾಪ್ಟರ್. ಇನ್ನೊಂದು, ನೀರಿನ ಕ್ರಿಮಿ ಕೊಲ್ಲುವ ಯುವಿ ಟ್ಯೂಬಿನ ಚೋಕು. ಕೆಲವು ಮಾಡೆಲ್‌ಗಳಲ್ಲಿ ಚೋಕಿಗೆ ನೇರ 230 ಕೊಟ್ಟಿರುತ್ತಾರೆ. ಟ್ಯೂಬ್ ಹೊತ್ತಿಸುವಾಗ ಚೋಕು ನೂರಾರು ವೋಲ್ಟ್ ಕೊಡುತ್ತದೆ. ಟ್ಯೂಬ್ ಇರುವುದು ಸ್ಟೀಲ್ ಕೊಳವೆಯೊಳಗೆ, ಗಾಜಿನ ತೋಳಿನಲ್ಲಿ. ಗಾಜು ಬಿರುಕು ಬಿಟ್ಟರೆ, ಇಲ್ಲವೇ ತುದಿಯ ರಬ್ಬರ್ ಸಡಿಲಾಗಿ ನೀರು ಇಳಿದರೆ, ಸ್ಟೀಲ್ ಕೊಳವೆಗೂ ನೀರಿಗೂ ಕರೆಂಟು ಬರುತ್ತದೆ. ಟ್ಯೂಬಿನ ತುದಿಯಲ್ಲಿ ತೇವ ಕಂಡರೆ ಅದೊಂದೇ ಸಾಕು, ಫಿಲ್ಟರ್ ಬಂದ್ ಮಾಡಲು. ಹಾಗೆಯೇ ಉರಿಯುವ ಯುವಿ ಟ್ಯೂಬನ್ನು ಕಣ್ಣಿಟ್ಟು ನೋಡಬೇಡಿ. ಕಣ್ಣು ಸುಡುತ್ತದೆ.

ಕರೆಂಟು ಎಲ್ಲಿಂದ ಬರುತ್ತಿದೆ?

ಕೈಯಿಂದ ಮುಟ್ಟಿ ನೋಡುವುದು ಬೇಡವೇ ಬೇಡ. ಟೆಸ್ಟರ್ ಸ್ಕ್ರೂಡ್ರೈವರ್ ಇದ್ದರೆ ಸಾಕು. ಮೊದಲು ಅದನ್ನು ಸರಿಯಾಗಿ ನಡೆಯುವ ಒಂದು ಸಾಕೆಟ್‌ನ ಫೇಸಿನಲ್ಲಿ ಇಟ್ಟು, ದೀಪ ಹತ್ತುತ್ತದಾ ನೋಡಿಕೊಳ್ಳಿ. ಆಮೇಲೆ ನಳಕ್ಕೆ ಇಡಿ. ಟೆಸ್ಟರ್ ತೀರಾ ಸಣ್ಣ ಕರೆಂಟಿಗೂ ಹತ್ತುತ್ತದೆ. ಹಾಗಾಗಿ ಹತ್ತಿತು ಅಂದರೆ ಏನೋ ಇದೆ ಅಂತ ಅಷ್ಟೇ ಅರ್ಥ, ಎಷ್ಟಿದೆ ಅಂತ ಅದು ಹೇಳುವುದಿಲ್ಲ. ಹತ್ತಲಿಲ್ಲ ಅಂದರೆ ಪೂರ್ತಿ ಸುರಕ್ಷಿತ ಅಂತಲೂ ಅಲ್ಲ.

ಫಿಲ್ಟರ್ ಪಿನ್ ಕಿತ್ತ ಮೇಲೂ ನಳದಲ್ಲಿ ಟೆಸ್ಟರ್ ಹತ್ತುತ್ತಿದೆಯಾ? ಹಾಗಾದರೆ ಫಿಲ್ಟರ್ ಪಾಪ, ಅದರ ತಪ್ಪಿಲ್ಲ. ಈಗ ಬೋರ್ ಮೋಟರಿನ ಅಥವಾ ಸಂಪ್ ಮೋಟರಿನ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನಾಗಿ ಬೀಳುವ ಬೋರ್ಡಿನ ಸ್ವಿಚ್ಚು) ಇಳಿಸಿ, ಮತ್ತೆ ನೋಡಿ. ಆಮೇಲೆ ಗೀಸರ್. ಆಮೇಲೆ ವಾಷಿಂಗ್ ಮಷಿನ್. ಒಂದೊಂದಾಗಿ ಇಳಿಸುತ್ತಾ ಹೋಗಿ. ಯಾವುದನ್ನು ಇಳಿಸಿದಾಗ ದೀಪ ಆರಿತೋ ಕಳ್ಳ ಅಲ್ಲಿದ್ದಾನೆ.

ಒಂದು ಕ್ಯಾಂಪಿನ ಮನೆಯಲ್ಲಿ ಹೀಗೇ ಆಗಿತ್ತು. ಸರ್ವಿಸ್‌ನವರು ಬಂದು ಅಡಾಪ್ಟರ್ ಬದಲಿಸಿದ್ದರು, ಮತ್ತೊಮ್ಮೆ ಬಂದು ಪಂಪೂ ಬದಲಿಸಿದ್ದರು. ಶಾಕ್ ಮಾತ್ರ ಹಾಗೇ ಇತ್ತು, ಅದೂ ಬೆಳಿಗ್ಗೆ ಹೊತ್ತು ಮಾತ್ರ. ಮನೆಯ ಅಮ್ಮ ಒಂದು ಮಾತು ಹೇಳಿದರು: “ಟ್ಯಾಂಕಿಗೆ ನೀರು ಏರಸೂವಾಗ ಜಾಸ್ತಿ ಹೊಡೀತೈತಿ.” ಅವರ ಆ ಮಾತಿನಲ್ಲೇ ಉತ್ತರ ಇತ್ತು. ಬೋರಿನೊಳಗೆ ಮೋಟರ್ ಕೇಬಲ್ಲಿನ ಜಾಯಿಂಟ್ ಟೇಪ್ ಬಿಟ್ಟಿತ್ತು. ಕರೆಂಟು ಕಬ್ಬಿಣದ ಪೈಪು ಹಿಡಿದು ಮೇಲೆ ಬಂದು ಅಡುಗೆಮನೆಯ ನಳದವರೆಗೆ ಹಬ್ಬಿತ್ತು. ಹಾಗಾಗಿ ಎಲೆಕ್ಟ್ರಿಷಿಯನ್ ಬಂದಾಗ ಯಾವ ಹೊತ್ತಿನಲ್ಲಿ ಹೊಡೆಯುತ್ತದೆ, ಆಗ ಮನೆಯಲ್ಲಿ ಏನೇನು ಚಾಲು ಇರುತ್ತದೆ ಅಂತ ತಪ್ಪದೇ ಹೇಳಿ. ಅಡುಗೆಮನೆಯಲ್ಲಿ ದಿನವಿಡೀ ಇರುವವರ ಮಾತನ್ನು ಮೊದಲು ಕೇಳಬೇಕು.

ಮೇನ್ ಇಳಿಸಿದ ಮೇಲೂ ಟೆಸ್ಟರ್ ಹತ್ತಿದರೆ ಕರೆಂಟು ನಿಮ್ಮ ಮನೆಯದ್ದಲ್ಲದೆಯೂ ಇರಬಹುದು. ಪಕ್ಕದ ಮನೆಯ ಮೋಟರ್ ಲೀಕ್ ಆಗಿ ಬೀದಿಯ ಪೈಪಿನಿಂದ ಬರುತ್ತದೆ. ಕಂಬದಿಂದ ಬರುವ ನ್ಯೂಟ್ರಲ್‌ನಲ್ಲಿ ತೊಂದರೆ ಇದ್ದರೂ ಹೀಗಾಗುತ್ತದೆ. ಆಗ ಮನೆಯೊಳಗೆ ಏನನ್ನೂ ಬಿಚ್ಚಬೇಡಿ. ನಳಗಳಿಂದ ದೂರ ಇರಿ, ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂಗೆ 1912 ನಂಬರಿನಲ್ಲಿ ತಿಳಿಸಿ.

ಪಿನ್ ಹಾಕಿದಾಗ ಮಾತ್ರ ಹತ್ತಿ, ಕಿತ್ತಾಗ ಆರಿದರೆ ಆಗ ಫಿಲ್ಟರಿನದ್ದೇ. ಅದರಲ್ಲೂ ಎರಡು ಬಗೆ ಇದೆ. ಅಡಾಪ್ಟರಿನಲ್ಲಿ ಕರೆಂಟಿನೊಳಗಿನ ಗದ್ದಲ (ನಾಯ್ಸ್) ಸೋಸುವ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅರ್ಥ್ ಸಿಗದಿದ್ದರೆ ಅವುಗಳಿಂದ ಫಿಲ್ಟರಿನ ‘ಬಾಡಿ’ಗೆ, ಅಂದರೆ ಕೈಗೆ ಸಿಗುವ ಲೋಹದ ಭಾಗಕ್ಕೆ, ಸುಮಾರು ಅರ್ಧ ವೋಲ್ಟೇಜು, ಅಂದರೆ 110 ಹತ್ತಿರ ಬಂದು ಕೂರುತ್ತದೆ. ಕರೆಂಟು ತೀರಾ ಕಡಿಮೆ, ಸಣ್ಣಗೆ ಜುಮ್ ಅನ್ನುತ್ತದೆ. ಅರ್ಥ್ ಸರಿ ಮಾಡಿದರೆ ಮಾಯ. ಇನ್ನೊಂದು, ನಿಜವಾದ ಲೀಕು. ಒದ್ದೆಯಾದ ಅಡಾಪ್ಟರ್, ಹಾಳಾದ ಚೋಕು, ಇಲಿ ಕಡಿದ ವೈರು. ಅದನ್ನು ಬದಲಿಸಲೇಬೇಕು. ಯಾವುದು ಅಂತ ಕೈಗೆ ತಿಳಿಯುವುದಿಲ್ಲ. ಮೀಟರ್ ಇರುವವರೇ ನೋಡಬೇಕು.

ನಮ್ಮ ನೆಲದಲ್ಲಿ ಅರ್ಥಿಂಗ್

ಇಲ್ಲಿ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಬಿಟ್ಟುಬಿಡುವುದು ಇದನ್ನೇ.

ನಿಮ್ಮ ಸಾಕೆಟ್‌ನಲ್ಲಿ ಮೂರು ತೂತು ಇದೆ ಅಂದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ. ಮೇಲಿನ ದೊಡ್ಡ ತೂತಿಗೆ ಹಸಿರು ವೈರೇ ಬಂದಿರುವುದಿಲ್ಲ, ಎಷ್ಟೋ ಮನೆಗಳಲ್ಲಿ. ಬಂದರೂ ಆ ವೈರು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಯಾರೂ ನೋಡಿರುವುದಿಲ್ಲ.

ಹಳೇ ಮನೆಗಳಲ್ಲಿ ಕಬ್ಬಿಣದ ನೀರಿನ ಪೈಪಿಗೇ ಅರ್ಥ್ ವೈರ್ ಸುತ್ತಿರುತ್ತಿದ್ದರು. ಆ ಕಾಲಕ್ಕೆ ಹೇಗೋ ನಡೆಯಿತು. ಈಗ ಬಚ್ಚಲುಮನೆ ಹೊಸದು ಮಾಡಿಸುತ್ತೇವೆ, ಪ್ಲಂಬರ್ ಬಂದು ಕಬ್ಬಿಣ ತೆಗೆದು ಪ್ಲಾಸ್ಟಿಕ್ ಪೈಪು ಹಾಕುತ್ತಾನೆ. ಅವತ್ತಿನಿಂದ ಇಡೀ ಮನೆಗೆ ಅರ್ಥ್ ಇಲ್ಲ. ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ದೀಪ, ಫ್ಯಾನು, ಫಿಲ್ಟರ್ ಎಲ್ಲ ಮೊದಲಿನಂತೆ ನಡೆಯುತ್ತಲೇ ಇರುತ್ತವೆ. ನಿಮ್ಮ ಮನೆಯಲ್ಲಿ ಪೈಪು ಬದಲಾದ ಮೇಲೆ ಶಾಕ್ ಶುರುವಾಗಿದ್ದರೆ ಇದನ್ನೇ ಮೊದಲು ಅನುಮಾನಿಸಿ.

ಎರಡನೆಯದು ನೆಲ. ಸಿಂಧನೂರು, ಮಾನ್ವಿ ಕಡೆ ಎರೆಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಗುಂಡಿ ತೋಡಿ ಹೂತ ಅರ್ಥಿಂಗ್ ಪೈಪಿನ ಸುತ್ತ ಮಣ್ಣು ಬಿಟ್ಟುಕೊಂಡು ಸಂದಿ ಬೀಳುತ್ತದೆ. ದೀಪಾವಳಿಯಲ್ಲಿ ಸರಿಯಿದ್ದ ಅರ್ಥ್ ಯುಗಾದಿ ಹೊತ್ತಿಗೆ ಕೈಕೊಡುತ್ತದೆ. ಕೊಪ್ಪಳ, ಬಳ್ಳಾರಿ ಕಡೆ ಕಲ್ಲುನೆಲ ಇರುವಲ್ಲಿ ಇನ್ನೂ ಕಷ್ಟ, ಸ್ವಲ್ಪ ಅಗೆದರೆ ಬಂಡೆ. ಬಂಡೆಯೊಳಗೆ ಕರೆಂಟು ಸುಲಭವಾಗಿ ಇಳಿಯುವುದಿಲ್ಲ. ಅಂಥಲ್ಲಿ ಒಂದು ಗುಂಡಿಯಿಂದ ಆಗದಿದ್ದರೆ ದೂರ ದೂರ ಎರಡು ಗುಂಡಿ ಮಾಡಿ ಎರಡನ್ನೂ ಕೂಡಿಸಬೇಕು.

ಅರ್ಥ್ ಸುಮಾರಾಗಿದ್ದರೆ ನಡೆಯುವುದಿಲ್ಲವಾ ಅಂತ ಕೇಳುತ್ತಾರೆ. ಲೆಕ್ಕ ನೋಡಿ. ಅರ್ಥ್‌ನ ತಡೆ 50 ಓಮ್ ಇದೆ ಅಂದುಕೊಳ್ಳಿ. ಫೇಸು ಬಾಡಿಗೆ ತಾಗಿದರೆ 230 ಭಾಗಿಸು 50, ಅಂದರೆ 4.6 ಆಂಪಿಯರ್ ಹರಿಯುತ್ತದೆ. ನಿಮ್ಮ ಎಂಸಿಬಿ 6 ಆಂಪಿಯರಿನದ್ದು. ಅದು ಬೀಳುವುದೇ ಇಲ್ಲ. ಬಾಡಿಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ, ಯಾರಾದರೂ ಮುಟ್ಟುವವರೆಗೆ. ಅದೇ ತಡೆ 2 ಓಮ್ ಇದ್ದರೆ 115 ಆಂಪಿಯರ್ ಹರಿದು ಎಂಸಿಬಿ ತಟ್ಟನೆ ಬೀಳುತ್ತದೆ. ಮನೆಗೆ 5 ಓಮ್ ಒಳಗೆ ತರಲು ನಾವು ಪ್ರಯತ್ನಿಸುತ್ತೇವೆ.

ಎಲೆಕ್ಟ್ರಿಷಿಯನ್ ಬಂದಾಗ ಇಷ್ಟು ಅಳೆಸಿಕೊಳ್ಳಿ. ಸಾಕೆಟ್‌ನಲ್ಲಿ ಫೇಸು ಮತ್ತು ನ್ಯೂಟ್ರಲ್ ನಡುವೆ ಎಷ್ಟಿದೆಯೋ, ಫೇಸು ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಚಿಂತೆಯಿಲ್ಲ. 5 ದಾಟಿದರೆ ಹುಡುಕಬೇಕು. ಆದರೆ ಮೀಟರ್ ಒಂದನ್ನೇ ನಂಬಬೇಡಿ. ಡಿಜಿಟಲ್ ಮೀಟರ್ ಎಳೆಯುವ ಕರೆಂಟು ತೀರಾ ಕಡಿಮೆ, ಹಾಗಾಗಿ ಸತ್ತ ಅರ್ಥ್ ಇದ್ದರೂ 220 ತೋರಿಸಿಬಿಡುತ್ತದೆ. ಅದಕ್ಕೇ ಫೇಸಿಗೂ ಅರ್ಥಿಗೂ 100 ವ್ಯಾಟಿನ ಬಲ್ಬ್ ಹಚ್ಚಿ ನೋಡುತ್ತೇವೆ. ಬಲ್ಬ್ ಪೂರ್ತಿ ಬೆಳಗಿದರೆ ಅರ್ಥ್ ಇದೆ, ಮಂಕಾದರೆ ಸರಿಯಿಲ್ಲ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್ಚು, ಮುಂದೆ ಹೇಳುತ್ತೇನೆ) ಇದ್ದರೆ ಬಲ್ಬ್ ಹಚ್ಚಿದ ಕೂಡಲೇ ಅದು ಬೀಳುತ್ತದೆ. ಈ ಪರೀಕ್ಷೆಯನ್ನು ನೀವು ಮಾಡಬೇಡಿ. ಅರ್ಥ್ ಕೆಟ್ಟಿದ್ದರೆ ಆ ಹೊತ್ತಿನಲ್ಲಿ ಫ್ರಿಜ್, ಗೀಸರ್ ಸೇರಿ ಎಲ್ಲ ಬಾಡಿಗಳಿಗೂ ಕರೆಂಟು ಬರುತ್ತದೆ. ನಾನು ಮಾಡುವಾಗ ಮನೆಯವರನ್ನೆಲ್ಲ ಹೊರಗೆ ನಿಲ್ಲಿಸುತ್ತೇನೆ.

ಇನ್ನೊಂದು ಮಾತು, ದಯವಿಟ್ಟು ಇದನ್ನು ಮರೆಯಬೇಡಿ. ಕೆಲವರು ಸಾಕೆಟ್ ಒಳಗೆ ಒಂದು ತುಂಡು ವೈರಿನಿಂದ ನ್ಯೂಟ್ರಲ್ ಮತ್ತು ಅರ್ಥ್ ಕೂಡಿಸಿಬಿಡುತ್ತಾರೆ. ಜುಮ್ ಅನ್ನುವುದು ತಕ್ಷಣ ನಿಲ್ಲುತ್ತದೆ, ದುಡ್ಡು ಇಸಿದುಕೊಂಡು ಹೋಗುತ್ತಾರೆ. ಮುಂದೆ ಯಾವತ್ತಾದರೂ ಗಾಳಿಮಳೆಗೆ ಕಂಬದಲ್ಲೋ ಮೀಟರಿನಲ್ಲೋ ನ್ಯೂಟ್ರಲ್ ಕಿತ್ತು ಬಂದರೆ, ಫಿಲ್ಟರ್ ಬಾಡಿಗೆ ಪೂರ್ತಿ 230 ಬರುತ್ತದೆ. ಮನೆಯಲ್ಲಿ ಲೋಡ್ ನಡೆಯುತ್ತಿರುವಾಗಲೂ ನ್ಯೂಟ್ರಲ್–ಅರ್ಥ್ ನಡುವೆ ಕರಾರುವಾಕ್ಕಾಗಿ ಸೊನ್ನೆ ತೋರಿಸಿದರೆ ಸಾಕೆಟ್ ಬಿಚ್ಚಿಸಿ ನೋಡಿ. ಬಾಡಿಗೆ ಮನೆಯಾದರೂ ಸರಿ, ಮಾಲೀಕರಿಗೆ ಹೇಳಿ ತೆಗೆಸಿ.

ನೀರು ಸೋರಿ ಬಂದಾಗ

ಫಿಲ್ಟರನ್ನು ಸಾಕೆಟ್‌ನ ನೆತ್ತಿಯ ಮೇಲೆ ನೇತುಹಾಕಬೇಡಿ. ಒಳಗೆ ಎಷ್ಟೊಂದು ಜಾಯಿಂಟ್‌ಗಳಿರುತ್ತವೆ, ಒಂದಲ್ಲ ಒಂದು ದಿನ ಸೋರುತ್ತದೆ. ನಮ್ಮ ಕಡೆಯ ಬಿಸಿಲಿಗೆ ಸಣ್ಣ ಬಿಳಿ ಪೈಪು ಬೇಗ ಗಡಸಾಗಿ ಜಾಯಿಂಟಿನಲ್ಲಿ ಬಿರುಕು ಬಿಡುತ್ತದೆ. ಸಾಕೆಟ್ ಫಿಲ್ಟರಿನ ಪಕ್ಕದಲ್ಲಿ, ಒಂದು ಮೊಳ ದೂರ, ಸ್ವಲ್ಪ ಎತ್ತರಕ್ಕೆ ಇರಲಿ. ವೈರು ಸಾಕೆಟ್‌ಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಿ ಪಿನ್ನಿಗೆ ಸೇರಲಿ. ಆಗ ವೈರು ಹಿಡಿದು ಬರುವ ನೀರು ಆ ಜೋತಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಸಾಕೆಟ್ ಒಳಗೆ ಹೋಗುವುದಿಲ್ಲ. ಖರ್ಚಿಲ್ಲದ ಕೆಲಸ ಇದು, ಇವತ್ತೇ ಮಾಡಬಹುದು. ನೆಲದ ಮೇಲೆ ಎಕ್ಸ್‌ಟೆನ್ಷನ್ ಬಾಕ್ಸ್ ಇಟ್ಟು ಫಿಲ್ಟರ್ ನಡೆಸಬೇಡಿ.

ಬೋರಿನ ನೀರು ಜಾಸ್ತಿ ಉಪ್ಪಿನದ್ದು. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣದ ಲೆಕ್ಕ, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಗತಿಯಿಲ್ಲದಾಗ 2000ದವರೆಗೆ ಅಂತ ಮಾನಕದಲ್ಲಿದೆ. ಕಾಲುವೆ ನೀರು ಬರುವ ತಿಂಗಳುಗಳಲ್ಲಿ ಕಡಿಮೆ ಇರುತ್ತದೆ, ಕಾಲುವೆ ಬಂದ್ ಆಗಿ ಬೋರಿಗೆ ಬಿದ್ದಾಗ ಏರುತ್ತದೆ. ಉಪ್ಪು ಹೆಚ್ಚಿದಷ್ಟೂ ನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಸೋರಿದ ನೀರು ಒಣಗಿದರೂ ಉಪ್ಪು ಉಳಿಯುತ್ತದೆ. ಅಡಾಪ್ಟರಿನ ಪಿನ್ನುಗಳ ನಡುವೆ, ಕನೆಕ್ಟರ್ ಮೇಲೆ ಬಿಳಿ ಪುಡಿ ಕಟ್ಟಿದ್ದು ಕಂಡರೆ ಅದು ಬರೀ ಧೂಳಲ್ಲ. ರಾತ್ರಿಯ ತೇವಕ್ಕೆ ಅದೇ ಕರೆಂಟಿಗೆ ದಾರಿಯಾಗುತ್ತದೆ, ನಿಧಾನಕ್ಕೆ ಸುಟ್ಟು ಕಪ್ಪಾಗುತ್ತದೆ. ಪಿನ್ ಕಿತ್ತು, ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಕಪ್ಪಾಗಿದ್ದರೆ ಉಜ್ಜಬೇಡಿ, ಬದಲಿಸಿ. ನೀರು ಹೊಕ್ಕ ಅಡಾಪ್ಟರನ್ನು ಬಿಸಿಲಿಗಿಟ್ಟು ಮತ್ತೆ ಹಾಕುವುದೂ ಬೇಡ. ಮೇಲೆ ಒಣಗಿದರೂ ಒಳಗಿನ ಬೋರ್ಡಿನ ಮೇಲೆ ಉಪ್ಪು ಹಾಗೇ ಕೂತಿರುತ್ತದೆ.

ಡಬ್ಬಿಯ ಹಿಂದೆ ಹಲ್ಲಿ, ಇರುವೆ ಸೇರುವುದು ನಮ್ಮಲ್ಲಿ ತೀರಾ ಸಾಮಾನ್ಯ. ಬೆಚ್ಚಗಿರುವ ಅಡಾಪ್ಟರ್ ಅಂದರೆ ಅವಕ್ಕೆ ಇಷ್ಟ. ಫಿಲ್ಟರ್ ಕ್ಯಾಂಡಲ್ ಬದಲಿಸಲು ಬಂದವರಿಗೆ ಹಿಂದಿನ ಮುಚ್ಚಳವನ್ನೂ ತೆಗೆಸಿ, ಟಾರ್ಚ್ ಹಾಕಿಸಿ ನೋಡಿ.

ಆರ್‌ಸಿಸಿಬಿ

ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಹೋದ ಕರೆಂಟು ವಾಪಸ್ ಬಂತಾ ಅಂತ ಅದು ನೋಡುತ್ತಲೇ ಇರುತ್ತದೆ. ಎಲ್ಲೋ ಸೋರಿ ಕಡಿಮೆ ಬಂದರೆ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಮನೆಗೆ 30 ಮಿಲಿ ಆಂಪಿಯರಿನದ್ದೇ ಬೇಕು. ಅಂಗಡಿಯಲ್ಲಿ 100, 300ರದ್ದೂ ಸಿಗುತ್ತವೆ, ಅವು ಬೆಂಕಿ ತಡೆಯಲು, ಜೀವ ಉಳಿಸಲು ಅಲ್ಲ. ಅದರ ಮೇಲೆ ಟಿ ಅಂತ ಒಂದು ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಬಿದ್ದರೆ ಸರಿ. ಬೀಳದಿದ್ದರೆ ಅದನ್ನು ಬದಲಿಸಿ.

ಫಿಲ್ಟರ್ ಹಚ್ಚಿದಾಗೆಲ್ಲ ಆರ್‌ಸಿಸಿಬಿ ಬೀಳುತ್ತಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ. “ಕಿರಿಕಿರಿ ಆಗ್ತದ, ಬೈಪಾಸ್ ಮಾಡಿಕೊಡ್ರಿ” ಅಂತ ಕೇಳುವವರಿದ್ದಾರೆ. ಎಷ್ಟು ದುಡ್ಡು ಕೊಟ್ಟರೂ ನಾನು ಆ ಕೆಲಸ ಮಾಡುವುದಿಲ್ಲ. ಲೀಕ್ ಹುಡುಕಿ ತೆಗೆಯೋಣ, ಅಲ್ವಾ? ಇನ್ನು ಆರ್‌ಸಿಸಿಬಿ ಇದೆ ಅಂತ ಅರ್ಥಿಂಗ್ ಬಿಡುವ ಹಾಗಿಲ್ಲ. ಅರ್ಥ್ ಇದ್ದರೆ ಲೀಕ್ ಆದ ಕೂಡಲೇ ಬೀಳುತ್ತದೆ. ಇಲ್ಲದಿದ್ದರೆ ಯಾರೋ ಮುಟ್ಟಿದ ಮೇಲೇ ಬೀಳಬೇಕು.

ಇನ್ವರ್ಟರ್ ಲೈನಿಗೆ ಫಿಲ್ಟರ್ ಕೊಡಬೇಡಿ. ಕರೆಂಟು ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಮೇನ್‌ನಲ್ಲಿರುವ ಆರ್‌ಸಿಸಿಬಿಗೆ ಆ ಲೀಕು ಕಾಣಿಸುವುದಿಲ್ಲ. ಟ್ಯಾಂಕಿನಲ್ಲಿ ಏಳೆಂಟು ಲೀಟರ್ ನೀರು ಹೇಗೂ ಇರುತ್ತದೆ, ಕರೆಂಟು ಬರುವವರೆಗೆ ಸಾಕು.

ಯಾರಿಗಾದರೂ ಹೊಡೆದು ಹಿಡಿದುಕೊಂಡರೆ ಅವರನ್ನು ಮುಟ್ಟಬೇಡಿ. ಮೇನ್ ಇಳಿಸಿ. ಮೇನ್ ಸಿಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ, ನೀವು ಒಣ ಜಾಗದಲ್ಲಿ ನಿಂತು. ಉಸಿರು ಇಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು ಜೋರಾಗಿ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಒಮ್ಮೆ ತೋರಿಸಿ, ಹೃದಯದ ಬಡಿತ ಆಮೇಲೂ ತಪ್ಪಬಹುದು.

ಕೊನೆಗೆ ಅರ್ಥಿಂಗ್ ಗುಂಡಿಯ ಆರೈಕೆ. ಗುಂಡಿ ಎಲ್ಲಿದೆ ಅಂತ ಹುಡುಕಿಕೊಳ್ಳಿ, ಮೇಲೆ ಮಣ್ಣು, ಟೈಲ್ಸ್ ಮುಚ್ಚಿದ್ದರೆ ತೆಗೆಸಿ. ವೈರು ಕೂಡುವ ನಟ್ಟು ತುಕ್ಕು ಹಿಡಿದಿದ್ದರೆ ಎಲೆಕ್ಟ್ರಿಷಿಯನ್ನಿಂದ ಬದಲಿಸಿ, ಬಿಗಿ ಮಾಡಿಸಿ. ಸುತ್ತ ಬಿರುಕು ಬಿಟ್ಟಿದ್ದರೆ ಇದ್ದಿಲು, ಉಪ್ಪು ಬೆರೆಸಿದ ಮಣ್ಣು ತುಂಬಿಸಿ. ಫೆಬ್ರವರಿ ಮುಗಿಯುತ್ತಿದ್ದಂತೆ ವಾರಕ್ಕೆರಡು ಸಲ ಒಂದು ಬಕೆಟ್ ನೀರು ಹಾಕಿ. ಅದಕ್ಕೆ ಒಳ್ಳೆಯ ನೀರು ಬೇಕಾಗಿಲ್ಲ. ಫಿಲ್ಟರ್ ಹೊರಗೆ ಬಿಡುವ ವೇಸ್ಟ್ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಸುರಿಯಿರಿ, ಅದರಲ್ಲಿ ಉಪ್ಪೂ ಇರುತ್ತದೆ. ಮೊದಲ ಮಳೆ ಬಿದ್ದು ಎರೆಮಣ್ಣು ಕೂಡಿಕೊಳ್ಳುವವರೆಗೆ ಇದನ್ನು ನಡೆಸಿ.